ಹಸಿರು ವೈರನ್ನು ನಾನು ಯಾಕೆ ಕಳಚಿದೆ

ನಮ್ಮ ಹಾಡುಗಳಲ್ಲಿ ಅತ್ಯಂತ ಭಾರವಾದ ಜಾಗ ಯಾವುದೆಂದು ಕೇಳಿದರೆ, ನಾನು ಗಿಟಾರ್ ಬಾರಿಸದೆ ಸುಮ್ಮನಿರುವ ಜಾಗ ಎನ್ನುತ್ತೇನೆ. ಗ್ರೂವ್ ಮೆಟಲ್ ಎಂಬ ಬಗೆಯ ರಾಕ್ ಸಂಗೀತ ನುಡಿಸುವ ಯಾರಾದರೂ ಇದನ್ನು ಒಪ್ಪುತ್ತಾರೆ. ಸಡಿಲಿಸಿ ತಗ್ಗಿಸಿದ ತಂತಿಯ ಮೇಲೆ ಬಲಗೈ ಒಂದು ಏಟು ಹಾಕುತ್ತದೆ, ನಿಲ್ಲುತ್ತದೆ. ಎರಡು ಏಟು ಹಾಕುತ್ತದೆ, ಮತ್ತೆ ನಿಲ್ಲುತ್ತದೆ. ನಿಂತಾಗ ಪೂರ್ತಿ ನಿಲ್ಲಬೇಕು. ಆ ಸಂದಿಯಲ್ಲಿ ಏನಾದರೂ ಗುಂಯ್ ಎನ್ನುತ್ತಿದ್ದರೆ ಮುಂದಿನ ಏಟಿಗೆ ತೂಕವೇ ಬರುವುದಿಲ್ಲ.

ನನ್ನ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿತ್ತು. ಅದನ್ನು ಸುಮ್ಮನಾಗಿಸಲು ಹೊರಟು ಒಬ್ಬ ಗೆಳೆಯನ ಪ್ರಾಣ ತೆಗೆಯುವುದರಲ್ಲಿದ್ದೆ. ಅದು ಹೇಗಾಯಿತೆಂದು ಮೊದಲಿನಿಂದ ಬರೆಯುತ್ತೇನೆ. ಯಾಕೆಂದರೆ ಪ್ರತಿ ಹೆಜ್ಜೆಗೂ ನನ್ನ ಬಳಿ ಒಳ್ಳೆಯ ಕಾರಣವಿತ್ತು.

ನಾವು ಮೂರೇ ಜನ. ಗಿಟಾರ್ ನನ್ನದು. ಡ್ರಮ್ಸ್ ಬಾರಿಸುವವನು ಬಿ.ಜಿ. ಕೆರೆಯವನು, ಟ್ರ್ಯಾಕ್ಟರ್ ಷೋರೂಮಿನಲ್ಲಿ ಕೆಲಸ. ಹಾಡುವವನು ಮೊಳಕಾಲ್ಮೂರಿನ ನೇಕಾರ; ಗುಂಡಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಾನೆ, ಅವನ ಅವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾರೆ. ವಾರಕ್ಕೊಮ್ಮೆ ಇಬ್ಬರೂ ಬಸ್ಸು ಹತ್ತಿ ಚಳ್ಳಕೆರೆಗೆ ಬರುತ್ತಿದ್ದರು. ನಮ್ಮಪ್ಪನ ಶೇಂಗಾ ಎಣ್ಣೆ ಮಿಲ್ಲಿನ ಹಿಂದೆ ಒಂದು ಗೋದಾಮು ಖಾಲಿ ಇತ್ತು. ಗೋಡೆಗೆಲ್ಲ ಕಂಬಳಿ ನೇತು ಹಾಕಿ ಮಾರ್ದನಿ ಕಡಿಮೆ ಮಾಡಿಕೊಂಡಿದ್ದೆವು. ನಮ್ಮ ಗಾಯಕ ಮೊದಲ ಸಲ ಹೊಟ್ಟೆಯಾಳದಿಂದ ಕೂಗಿದಾಗ ಹಮಾಲರು ಚೀಲ ಇಳಿಸಿ ಓಡಿ ಬಂದಿದ್ದರು, ಯಾರೋ ಯಂತ್ರಕ್ಕೆ ಕೈ ಕೊಟ್ಟರೆಂದು.

ನನ್ನನ್ನು ಅವರಿಬ್ಬರೂ ಕರೆಯುತ್ತಿದ್ದದ್ದು ‘ಲಾಯರ್’ ಎಂದು. ನಾನು ಲಾಯರ್ ಅಲ್ಲ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಅಷ್ಟೇ. ಅಲ್ಲಿ ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಯಾವ ಮಾತನ್ನೂ ಸಾಕ್ಷಿ ಕೇಳದೆ ಒಪ್ಪಬಾರದು, ಎದುರಾಳಿ ಒಂದು ಕಾರಣ ಬಿಟ್ಟು ಇನ್ನೊಂದು ಹಿಡಿದರೆ ತಕ್ಷಣ ತೋರಿಸಿಕೊಡಬೇಕು: ಈ ಎರಡು ಅಭ್ಯಾಸ ಅಲ್ಲಿಂದ ಬಂದು ಮೈಗೆ ಹತ್ತಿದ್ದವು. ಸಾಮಾನು ಆರಿಸುವಾಗ ಅವು ಬಹಳ ಉಪಯೋಗಕ್ಕೆ ಬಂದವು.

ಬೆಂಗಳೂರಿನ ಒಬ್ಬ ಗಿಟಾರ್ ವಾದಕರು ಮಾರಿದ ಹಳೆಯ ಟ್ಯೂಬ್ ಆಂಪ್ ನನ್ನದು. ಬಂದ ದಿನ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಬಾಸ್ ಪೂರ್ತಿ, ಟ್ರೆಬಲ್ ಪೂರ್ತಿ, ನಡುವಿನ ಮಿಡ್ ಸೊನ್ನೆ, ಸದ್ದನ್ನು ಒಡೆದು ಒರಟು ಮಾಡುವ ಗೇನ್ ಕೊನೆಯವರೆಗೆ. ಒಬ್ಬನೇ ಬಾರಿಸಿದಾಗ ಬೆಟ್ಟ ಉರುಳಿದಂತಿತ್ತು. ಡ್ರಮ್ಸ್ ಶುರುವಾದ ಕೂಡಲೇ ಆ ಬೆಟ್ಟ ಮಾಯ.

“ಲಾಯರ್, ಬಾರಿಸ್ತಿದ್ದೀಯೋ ಇಲ್ಲಾ ಬರೀ ತಲೆ ಆಡಿಸ್ತಿದ್ದೀಯೋ?” ಎಂದ ಡ್ರಮ್ಮರ್.

ಅವನ ಮಾತು ಸರಿಯಿತ್ತು. ಅದನ್ನು ಒಪ್ಪಿದ್ದು ಅವನು ಹೇಳಿದನೆಂದಲ್ಲ, ರೆಕಾರ್ಡಿಂಗ್ ಕೇಳಿದ ಮೇಲೆ. ನಾನು ನನ್ನ ಕಿವಿಯನ್ನು ನಂಬುವವನಲ್ಲ; ಕಿವಿ ತನಗೆ ಬೇಕಾದದ್ದನ್ನು ಕೇಳುತ್ತದೆ. ಆದ್ದರಿಂದ ಆಂಪಿನ ಬೆನ್ನಿನಿಂದ ಒಂದು ಕೇಬಲ್ ಎಳೆದು ಮಿಕ್ಸರಿಗೆ ಕೊಟ್ಟು, ಪ್ರತಿ ಅಭ್ಯಾಸವನ್ನೂ ರೆಕಾರ್ಡ್ ಮಾಡುತ್ತಿದ್ದೆ. ಆ ಕೇಬಲನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಂಡಿರಲಿಲ್ಲ.

ನಂತರದ ವಾರಗಳಲ್ಲಿ ಒಂದು ಸಲಕ್ಕೆ ಒಂದೇ ಒಂದನ್ನು ಬದಲಿಸುತ್ತ ಹೋದೆ. ಮಿಡ್ಡನ್ನು ಅರ್ಧಕ್ಕಿಂತ ಮೇಲೆ ತಂದೆ. ಗೇನನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಗೇನ್ ಹೆಚ್ಚಾದಷ್ಟೂ ಏಟಿನ ಅಂಚು ಕರಗಿ ಅಂಬಲಿಯಾಗುತ್ತದೆ. ತೆಳು ತಂತಿಯನ್ನು ಅಷ್ಟು ತಗ್ಗಿಸಿದರೆ ಜೋತು ಬಿದ್ದು, ಜೋರಾಗಿ ಹೊಡೆದಾಗ ಸ್ವರ ಅಲ್ಲಾಡುತ್ತಿತ್ತು. ದಪ್ಪ ತಂತಿ ಹಾಕಿ, ಅದಕ್ಕೆ ತಕ್ಕಂತೆ ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್ಟಿನ ಸೀಳನ್ನು ಅರದಲ್ಲಿ ಉಜ್ಜಿ ಅಗಲ ಮಾಡಿದೆ. ಆಂಪಿನ ಮುಂದೆ ಕಾಲಲ್ಲಿ ಒತ್ತುವ ಒಂದು ಓವರ್‌ಡ್ರೈವ್ ಪೆಡಲ್ ಇಟ್ಟು, ಅದರ ಡ್ರೈವ್ ಸೊನ್ನೆಗೆ, ಲೆವೆಲ್ ತುದಿಗೆ ತಿರುಗಿಸಿದೆ. ಅದರ ಕೆಲಸ ಸದ್ದನ್ನು ಒಡೆಯುವುದಲ್ಲ, ಕೆಳಗಿನ ಮಬ್ಬನ್ನು ಮೊದಲೇ ಕತ್ತರಿಸಿ ಆಂಪಿಗೆ ಗಟ್ಟಿಯಾದದ್ದನ್ನಷ್ಟೇ ಕೊಡುವುದು. ಅಂಗೈಯ ಅಂಚನ್ನು ತಂತಿಗಳ ಬುಡದ ಬ್ರಿಡ್ಜಿನ ಮೇಲೆ ಒತ್ತಿ ಹೊಡೆದರೆ ಈಗ ಒಳ್ಳೆಯ ಹಲಗೆಯ ಮೇಲೆ ಕೊಡತಿ ಬಿದ್ದ ಹಾಗಿತ್ತು.

ಆದರೆ ನಿಲ್ಲಿಸಿದಾಗ, ಗುಂಯ್.

ನಾಯ್ಸ್ ಗೇಟ್ ಎಂಬ ಪೆಡಲ್ ಹಾಕಿ ನೋಡಿದೆ. ನುಡಿಸದಿದ್ದಾಗ ಬಾಗಿಲು ಮುಚ್ಚುವ ಸಾಧನ ಅದು. ಆದರೆ ಗುಂಯ್‌ಗುಡುವ ಸದ್ದೇ ಇಷ್ಟು ದೊಡ್ಡದಿದ್ದರೆ ಬಾಗಿಲನ್ನು ಬಹಳ ಬಿಗಿ ಮಾಡಬೇಕಾಗುತ್ತದೆ. ಆಗ ಮೆಲ್ಲಗೆ ನುಡಿಸಿದ ಸ್ವರವೂ ಹೊರಗೆ ಉಳಿಯುತ್ತದೆ. ಗಿಟಾರಿನ ಕೇಬಲ್ ಕಿತ್ತು ನೋಡಿದೆ, ಸದ್ದು ಹೋಗಲಿಲ್ಲ. ಪೆಡಲ್‌ಗಳನ್ನು ಬ್ಯಾಟರಿಯ ಮೇಲೆ ನಡೆಸಿದೆ, ಹೋಗಲಿಲ್ಲ. ಮಿಲ್ಲಿನ ಮೋಟರ್ ನಿಲ್ಲಿಸಿದಾಗ ಕೇಳಿದೆ, ಆಗಲೂ ಇತ್ತು.

ಕೊನೆಗೆ ಮಿಲ್ಲಿನ ಎಲೆಕ್ಟ್ರಿಷಿಯನ್ನರನ್ನು ಕರೆದೆ. ಅಪ್ಪನಿಗಿಂತ ಹಿರಿಯರು, ನಾನು ಹುಟ್ಟುವ ಮೊದಲಿನಿಂದ ಅಲ್ಲಿದ್ದವರು. ಆಂಪಿನ ಹತ್ತಿರ ಬಗ್ಗಿ, ಡಾಕ್ಟರ್ ಎದೆ ಕೇಳಿದ ಹಾಗೆ ಕೇಳಿದರು.

“ಅರ್ಥಿಂಗಿಂದು ಇರ್ಬೇಕು, ಸಣ್ಣ ಸಾವ್ಕಾರ್ರೇ. ಗುಂಡಿ ಒಣಗೈತೆ. ಎರಡು ಕೊಡ ನೀರು ಹುಯ್ರಿ, ಒಂದೀಟು ಉಪ್ಪು ಹಾಕ್ರಿ.”

ನೆಲದೊಳಗೆ ಹೂತ ತಗಡಿಗೂ ಗಿಟಾರಿನ ಸದ್ದಿಗೂ ಉಪ್ಪುನೀರಿಗೂ ಏನು ಸಂಬಂಧವೆಂದು ನಗು ಬಂದರೂ ಹುಯ್ದೆ. ಸದ್ದು ಹಾಗೇ ಇತ್ತು. ಮರುದಿನ ಏನೋ ಹೊಳೆದು ಆಂಪಿನ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದೆ. ಅಂದರೆ ಅರ್ಥ್ ವೈರಿಗೆ ಸಂಪರ್ಕವಿಲ್ಲದ ಹಾಗೆ.

ಮೌನ. ಗೋದಾಮಿನ ತಗಡಿನ ಮೇಲೆ ಪಾರಿವಾಳ ಕಾಲಾಡಿಸುವುದು ಕೇಳಿಸಿತು.

ಅಡಾಪ್ಟರ್ ಸಡಿಲವಾಗಿ ಅಲ್ಲಾಡುತ್ತಿತ್ತು. ಅದರ ಬದಲು ಪ್ಲಗ್ಗನ್ನೇ ಬಿಚ್ಚಿ, ಒಳಗಿನ ಹಸಿರು ವೈರನ್ನು ಕಳಚಿ, ತುದಿಗೆ ಟೇಪ್ ಸುತ್ತಿ ಮಡಚಿಟ್ಟು ಮತ್ತೆ ಮುಚ್ಚಳ ಹಾಕುತ್ತಿದ್ದೆ. ಎಲೆಕ್ಟ್ರಿಷಿಯನ್ ಬಂದರು.

“ಅದನ್ನ ತೆಗೀಬೇಡ್ರಿ.”

“ಯಾಕೆ? ಕಾರಣ ಹೇಳಿ, ಇಡ್ತೀನಿ.”

“ಅದು ಇರ್ಬೇಕ್ರಿ. ಪೆಟ್ಟಿಗೆ ಒಳಗೆ ಏನಾರ ಸೋರ್ತಿದ್ರೆ ಅದರಾಗೆ ನೆಲಕ್ಕೆ ಹೋಗ್ತೈತೆ. ಪೆಟ್ಟಿಗೆ ಬಿಚ್ಚಿ ನೋಡೋಣ.”

“ನಿನ್ನೆ ಗುಂಡಿ ಒಣಗೈತೆ ಅಂದ್ರಿ. ಇವತ್ತು ಪೆಟ್ಟಿಗೆ ಸೋರ್ತೈತೆ ಅಂತೀರಿ. ಯಾವುದಾದ್ರೂ ಒಂದು ಇಟ್ಕೊಳ್ಳಿ. ನಿಮ್ಮನೆ ಟೀವಿಗೆ ಎಷ್ಟು ಪಿನ್ನು?”

“ಎರಡು.”

“ಫ್ಯಾನಿಗೆ?”

“ಎರಡು.”

“ಅವು ಯಾರನ್ನಾದ್ರೂ ಕಚ್ಚಿದಾವಾ? ನೀವು ಹೇಳಿದ ಹಂಗೆ ನೀರು ಹುಯ್ದೆ, ಸದ್ದು ಹೋಗ್ಲಿಲ್ಲ. ನನಗೆ ತೋಚಿದ ಹಂಗೆ ವೈರ್ ತೆಗೆದೆ, ಹೋಯ್ತು. ಯಾರದು ಸರಿ?”

ಅವರು ಟೆಸ್ಟರನ್ನು ಜೇಬಿಗೆ ಹಾಕಿಕೊಂಡರು. “ನಂಗೆ ವಾದ ಬರಲ್ರಿ. ಕೆಲಸ ಬರ್ತೈತೆ,” ಎಂದು ಹೊರಟುಹೋದರು. ಕಾಲೇಜಿನಲ್ಲಾಗಿದ್ದರೆ ಇಂಥ ಉತ್ತರಕ್ಕೆ ಚಪ್ಪಾಳೆ ನನಗೆ ಬೀಳುತ್ತಿತ್ತು.

ಈ ಮೌನ ಸಿಕ್ಕಮೇಲೆ ನಮ್ಮ ಮೂರನೆಯ ಹಾಡಿಗೆ ಒಂದು ಹೊಸ ಜಾಗ ಹುಟ್ಟಿತು. ಹಾಡಿನ ನಡುವೆ ಎಲ್ಲವೂ ಒಮ್ಮೆಗೇ ನಿಲ್ಲಬೇಕು, ನಾಲ್ಕು ಎಣಿಕೆ ಏನೂ ಇರಬಾರದು, ಐದಕ್ಕೆ ಮೂವರೂ ಒಟ್ಟಿಗೆ ಬೀಳಬೇಕು. ಗಾಯಕ ಅದಕ್ಕೊಂದು ಉಪಾಯ ಹುಡುಕಿದ. ಬಲಗೈಯಲ್ಲಿ ಮೈಕು ಹಿಡಿದು ನನ್ನ ಕಡೆ ಬಂದು, ಎಡ ಅಂಗೈಯನ್ನು ನನ್ನ ಗಿಟಾರಿನ ತಂತಿಗಳ ಮೇಲೆ ರಪ್ಪನೆ ಇಡುತ್ತಿದ್ದ. ತಂತಿ ಸಾಯುತ್ತಿತ್ತು. ನೋಡಲಿಕ್ಕೆ ಅದ್ಭುತ: ಓಡುವ ಹೋರಿಯ ಮೂಗುದಾರ ಹಿಡಿದ ಹಾಗೆ.

ಇಲ್ಲಿ ಅವನ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಅವನು ಹಾಡುವ ಮುಂಚೆ ಚಪ್ಪಲಿ ಬಿಡುತ್ತಿದ್ದ. ಅವನ ಅವ್ವ ಭಜನೆ ಹಾಡುವವರು. ಹಾಡಲಿಕ್ಕೆ ನಿಂತಾಗ ಕಾಲಲ್ಲಿ ಏನೂ ಇರಬಾರದೆಂದು ಕಲಿಸಿದ್ದರು. “ಯಾವ ದೇವ್ರ ಮೇಲೆ ಹಾಡ್ತಿದ್ದೀಯಾ ಅಂತ ಚಪ್ಪಲಿ ಬಿಡ್ತೀಯಲೇ?” ಎಂದು ನಾನು ಛೇಡಿಸಿದರೆ, “ದೇವ್ರಿಗಲ್ಲ, ಹಾಡಿಗೆ,” ಎನ್ನುತ್ತಿದ್ದ. ನಾನು ದಪ್ಪ ರಬ್ಬರ್ ಅಡಿಯ ಬೂಟು ಹಾಕಿಕೊಂಡೇ ನುಡಿಸುತ್ತಿದ್ದೆ.

ಒಂದು ಸಲ ಆ ರೆಕಾರ್ಡಿಂಗ್ ಕೇಬಲಿನ ತುದಿ ಕಿತ್ತುಹೋಗಿತ್ತು. ಅದನ್ನು ಬೆಸುಗೆ ಹಾಕಲೆಂದು ಪಕ್ಕಕ್ಕಿಟ್ಟು ಅಭ್ಯಾಸ ಶುರು ಮಾಡಿದೆವು. ಗಾಯಕ ಬಂದು ತಂತಿಯ ಮೇಲೆ ಕೈಯಿಟ್ಟವನು ಹಿಂದಕ್ಕೆ ಹಾರಿದ.

“ಜುಮ್ ಅಂತೈತೆ ಲೇ.”

“ಏನು?”

“ಗಿಟಾರು. ಮೊಣಕೈ ತನಕ ಜುಮ್ ಅಂತು.”

ನಾನು ಹತ್ತೂ ಬೆರಳು ತಂತಿಯ ಮೇಲಿಟ್ಟು ತೋರಿಸಿದೆ. “ಇಡೀ ದಿನ ಇದನ್ನೇ ಹಿಡ್ಕೊಂಡಿರ್ತೀನಿ. ನಂಗ್ಯಾಕೆ ಅನ್ನಲ್ಲ?”

“ಅದು ನಂಗೇನು ಗೊತ್ತು? ನಂಗಾತು.”

“ಸರಿ, ಪರೀಕ್ಷೆ ಮಾಡೋಣ,” ಎಂದೆ. ಪರೀಕ್ಷೆಯೆಂದರೆ ಶಿಸ್ತು ಬೇಕು, ರೆಕಾರ್ಡ್ ಆಗಬೇಕು. ಕೇಬಲಿಗೆ ಬೆಸುಗೆ ಹಾಕಿ, ಆಂಪಿನಿಂದ ಮಿಕ್ಸರಿಗೆ ಮತ್ತೆ ಜೋಡಿಸಿ, ಅವನನ್ನು ನಿಲ್ಲಿಸಿದೆ. “ಈಗ ಮುಟ್ಟು. ಒಂದು ಕೈಯಲ್ಲಿ ಮೈಕು ಇರ್ಲಿ, ಆಗಿನ ಥರಾನೇ.”

ಮುಟ್ಟಿದ. ಏನೂ ಇಲ್ಲ. ಹತ್ತು ಸಲ ಮುಟ್ಟಿಸಿದೆ. ಹತ್ತು ಸಲವೂ ಏನೂ ಇಲ್ಲ.

“ಹತ್ತಕ್ಕೆ ಸೊನ್ನೆ,” ಎಂದೆ. ಡ್ರಮ್ಮರ್ ಕೋಲಿನಿಂದ ಒಂದು ‘ಟಿಶ್’ ಬಾರಿಸಿ ನಕ್ಕ.

“ಆಗ ಆತು ಲೇ. ಸುಳ್ಳು ಹೇಳಾಕೆ ನಂಗೇನು ಹುಚ್ಚಾ?”

“ಸುಳ್ಳು ಅಂತಿಲ್ಲ. ಭ್ರಮೆ ಅಂತಿದ್ದೀನಿ. ಎಲ್ರಿಗೂ ಆಗ್ತದೆ.”

ಅವನು ತನ್ನ ಅಂಗೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡ. “ಹಂಗಾದ್ರೆ ಸರಿ ಬಿಡು,” ಎಂದ. ಆಮೇಲೆ ಆ ಮಾತೆತ್ತಲಿಲ್ಲ.

ಮೊಳಕಾಲ್ಮೂರಿನಲ್ಲಿ ಅವನು ಓದಿದ ಕಾಲೇಜಿನ ವಾರ್ಷಿಕೋತ್ಸವಕ್ಕೆ ಕರೆ ಬಂತು. ಸಂಜೆ ನಾಲ್ಕಕ್ಕೆ, ಮೂರು ಹಾಡು. ಜನರೆದುರು ನಾವು ನುಡಿಸುತ್ತಿದ್ದದ್ದು ಅದೇ ಮೊದಲು. ಗಾಯಕನ ಅವ್ವ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಮಗ ಏನು ಹಾಡುತ್ತಾನೆಂದು ಅವರೂ ಅವತ್ತೇ ಕೇಳಲಿದ್ದರು. ಆಂಪನ್ನು ಗೂಡ್ಸ್ ಆಟೋದಲ್ಲಿ ತಂದಿದ್ದೆವು. ದಾರಿಯುದ್ದಕ್ಕೂ ಹಗ್ಗ ಬಿಗಿದರೂ ಕುಲುಕಾಡಿತ್ತು. ಮೈದಾನದ ಧೂಳು ಏಳಬಾರದೆಂದು ಟ್ಯಾಂಕರಿನಲ್ಲಿ ನೀರು ಹೊಡೆಸಿದ್ದರು. ಕಲ್ಲಿನ ವೇದಿಕೆಯನ್ನೂ ತೊಳೆದಿದ್ದರು. ಇನ್ನೂ ಒದ್ದೆಯಾಗಿತ್ತು.

ಸೌಂಡ್ ಸಿಸ್ಟಮ್ ರಾಂಪುರದವರೊಬ್ಬರದು. ವಯಸ್ಸಾದ ಮನುಷ್ಯ, ಮಾತಿನಲ್ಲಿ ಅರ್ಧ ತೆಲುಗು.

“ಬಾಬೂ, ನಿಂದು ಕೇಬಲ್ ನಂಗೆ ಕೊಡ್ತೀಯಾ, ಸ್ಪೀಕರ್ ಮುಂದೆ ಮೈಕ್ ಇಡ್ಲಾ?”

“ಮೈಕ್ ಇಡ್ರಿ,” ಎಂದೆ. ಇದು ಟೋನಿನ ಪ್ರಶ್ನೆ. ಕೇಬಲಿನಿಂದ ನೇರ ತೆಗೆದ ಸದ್ದು ದೊಡ್ಡ ಸ್ಪೀಕರುಗಳಲ್ಲಿ ಜೇನುನೊಣದ ಹಾಗೆ ಬರುತ್ತದೆ. ಸ್ಪೀಕರಿನ ಎದುರು, ನಡುವಿನಿಂದ ನಾಲ್ಕು ಬೆರಳು ಪಕ್ಕಕ್ಕೆ ಮೈಕಿಟ್ಟರೆ ಮಾತ್ರ ಆ ಕೊಡತಿಯ ಏಟು ಹಾಗೆಯೇ ಸಿಗುತ್ತದೆ. ಹಾಗೆ ಆ ದಿನ ಆಂಪಿಗೂ ಮಿಕ್ಸರಿಗೂ ನಡುವೆ ಯಾವ ಕೇಬಲೂ ಇರಲಿಲ್ಲ.

ಅವರು ನನ್ನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿದರು. “ಅರ್ಥಿಂಗ್ ಉಂದಾ? ಐತಾ?”

“ಮೂರು ಪಿನ್ನು ಐತಲ್ರಿ, ನೋಡ್ರಿ,” ಎಂದೆ.

ಪದಕ್ಕೆ ಪದ ಹಿಡಿದರೆ ನಾನು ಸುಳ್ಳು ಹೇಳಲಿಲ್ಲ. ಪಿನ್ನು ಮೂರಿದ್ದವು.

ಮೊದಲ ಹಾಡಿಗೆ ಹುಡುಗರು ಸುಮ್ಮನೆ ನೋಡಿದರು. ಎರಡನೆಯದಕ್ಕೆ ಹಿಂದಿನ ಸಾಲಿನವರು ಎದ್ದು ನಿಂತರು. ಮೂರನೆಯದು ಶುರುವಾದಾಗ ನನಗೆ ಗೊತ್ತಾಗುತ್ತಿತ್ತು, ಇಷ್ಟು ತಿಂಗಳು ಹುಡುಕಿದ ಟೋನ್ ಇದೇ. ಏಟು ಬೀಳುವುದು ಎದೆಗೂಡಿಗೆ ತಾಗುತ್ತಿತ್ತು. ಡ್ರಮ್ಮರ್ ನನ್ನತ್ತ ಕಣ್ಣು ಹಾಯಿಸಿದ. ಗಾಯಕ ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನನ್ನ ಕಡೆ ಬಂದ. ಅಂಗೈ ಎತ್ತಿದ. ರಪ್ಪನೆ ಇಟ್ಟ.

ಎಲ್ಲ ನಿಂತಿತು. ಒಂದು. ಎರಡು. ಮೂರು. ನಾಲ್ಕು.

ಐದಕ್ಕೆ ಡ್ರಮ್ಸ್ ಬಿತ್ತು. ನನ್ನ ಗಿಟಾರ್ ಬೀಳಲಿಲ್ಲ, ಯಾಕೆಂದರೆ ಅವನು ಕೈ ತೆಗೆದಿರಲಿಲ್ಲ. ತಲೆ ಮೇಲೆತ್ತಿದ್ದ, ಹಲ್ಲು ಕಚ್ಚಿದ್ದ, ಕತ್ತಿನ ನರ ಉಬ್ಬಿತ್ತು. ಹಾಡುವಾಗ ಅವನ ಮುಖ ಹಾಗೆಯೇ ಇರುತ್ತದೆ. ಮೌನವನ್ನು ಇನ್ನಷ್ಟು ಎಳೆಯುತ್ತಿದ್ದಾನೆ, ಏನು ಧೈರ್ಯ ಇವನಿಗೆ, ಎಂದು ನಾನು ಅಂದುಕೊಂಡೆ. ಡ್ರಮ್ಮರೂ ಹಾಗೇ ತಿಳಿದು ನಿಲ್ಲಿಸಿದ. ಹುಡುಗರು ಸಿಳ್ಳೆ ಹಾಕಿದರು. ಚಪ್ಪಾಳೆ ಎದ್ದಿತು.

ಆ ಚಪ್ಪಾಳೆಯ ನಡುವೆ ನಾನು ನಗುತ್ತ ನಿಂತಿದ್ದೆ. ಅವನ ಕೈ ನನ್ನ ಗಿಟಾರಿಗೆ ಅಂಟಿ ನಡುಗುತ್ತಿರುವುದು ತಂತಿಯ ಮೂಲಕ ನನ್ನ ಬೆರಳಿಗೆ ತಿಳಿಯುತ್ತಿತ್ತು. ಆದರೂ ನಗುತ್ತಿದ್ದೆ.

ಅರ್ಥವಾದದ್ದು ಸೌಂಡ್ ಸಿಸ್ಟಮ್ಮಿನವರಿಗೆ. ಅವರು ಮಿಕ್ಸರ್ ಬಿಟ್ಟು ಓಡಿ ಮೇನ್ ಸ್ವಿಚ್ ಎಳೆದರು. ಗಾಯಕ ಕಲ್ಲಿನ ಮೇಲೆ ಬಿದ್ದ. ಮೈಕು ಉರುಳಿಕೊಂಡು ಹೋಯಿತು.

ಅವನ ಅವ್ವ ಯಾವಾಗ ಮೇಲೆ ಬಂದರೋ ಕಾಣಲಿಲ್ಲ. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಹಿಡಿದು ಕೂಗುತ್ತಿದ್ದರು. ಅವನ ಕಣ್ಣುಗಳು ತೆರೆದಿದ್ದವು, ನೋಟವಿರಲಿಲ್ಲ. ಆಮೇಲೆ ಬಾವಿಯಿಂದ ಎದ್ದು ಬಂದವನ ಹಾಗೆ ಒಂದು ಉಸಿರು ಎಳೆದ. ಒಬ್ಬ ಉಪನ್ಯಾಸಕರ ಕಾರಿನಲ್ಲಿ ಅವನನ್ನೂ ಅವ್ವನನ್ನೂ ಕೂರಿಸಿ ಆಸ್ಪತ್ರೆಗೆ ಕಳಿಸಿದರು. ಕಾರಿನ ಬಾಗಿಲು ಹಾಕುವಾಗ ಅವನ ಎಡಗೈ ಕಂಡೆ. ನಾಲ್ಕು ಬೆರಳುಗಳ ಉದ್ದಕ್ಕೂ, ತಂತಿ ಇದ್ದಲ್ಲೆಲ್ಲ, ಬಿಳಿ ಗೆರೆ.

ತಿರುಗಿ ನೋಡಿದರೆ ಜನ ಸೌಂಡ್ ಸಿಸ್ಟಮ್ಮಿನವರ ಅಂಗಿ ಹಿಡಿದಿದ್ದರು.

“ಕರೆಂಟ್ ಗೊತ್ತಿಲ್ದೆ ಮೈಕ್ ಹಾಕಾಕೆ ಬರ್ತೀಯಾ?”

“ಹುಡುಗ ಸತ್ತೇ ಹೋಗ್ತಿದ್ನಲ್ಲೋ!”

“ನೇನೇಂ ಚೇಸ್ಲೇದಪ್ಪಾ! ನಂದೇನೂ ಇಲ್ಲ. ಮೇನ್ ಎಳೆದಿದ್ದೇ ನಾನು.” ಅವರ ಕನ್ನಡಕ ಒಂದು ಕಿವಿಯಿಂದ ಜಾರಿ ನೇತಾಡುತ್ತಿತ್ತು.

“ಇವ್ರ ಬೋರ್ಡೇ ಸರಿ ಇಲ್ಲ,” ಎಂದು ಕೂಗಿದವನು ನಮ್ಮ ಡ್ರಮ್ಮರ್. ಅವನು ನನ್ನ ಪರವಾಗಿ ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಆ ಕ್ಷಣ ನನ್ನ ತಲೆ ತಾನಾಗಿಯೇ ವಾದ ಕಟ್ಟಿತು. ಒಂದು, ಮೈಕು ಅವರದು. ಎರಡು, ಬೋರ್ಡು ಅವರದು, ವೇದಿಕೆ ಒದ್ದೆ ಮಾಡಿದವರು ಬೇರೆಯವರು. ಮೂರು, ನನ್ನ ಪ್ಲಗ್ಗನ್ನು ಅವರೇ ನೋಡಿ ಒಪ್ಪಿದ್ದಾರೆ. ಒಂದೂ ಸುಳ್ಳಲ್ಲ. ಯಾವ ತೀರ್ಪುಗಾರರೂ ನನ್ನ ಕಡೆಗೇ ಅಂಕ ಹಾಕುತ್ತಿದ್ದರು. ನಾನು ಬಾಯಿ ಬಿಡುವ ಅಗತ್ಯವೂ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಜನ ನನ್ನ ಪಾಲಿನ ಮಾತನ್ನೂ ತಾವೇ ಆಡುತ್ತಿದ್ದರು.

ಯಾರೋ ಅವರ ಮಿಕ್ಸರನ್ನು ಮೇಜಿನಿಂದ ಕೆಳಗೆ ತಳ್ಳಿದರು. ಆ ಮುದುಕರು ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡಿದರು.

ಗಿಟಾರ್ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಪ್ಲಗ್ಗನ್ನು ಬೋರ್ಡಿನಿಂದ ಕಿತ್ತು, ಎಲ್ಲರ ನಡುವೆ ನಿಂತು ಬಿಚ್ಚಿದೆ. ಟೇಪ್ ಸುತ್ತಿ ಮಡಚಿಟ್ಟ ಹಸಿರು ವೈರನ್ನು ಹೊರಗೆಳೆದು ತೋರಿಸಿದೆ.

“ಇದನ್ನ ಕಳಚಿದ್ದು ನಾನು. ಇವರದೇನೂ ತಪ್ಪಿಲ್ಲ. ಇವರು ಕೇಳಿದ್ರು, ನಾನು ಹೇಳ್ಲಿಲ್ಲ.”

ಅಂಗಿ ಹಿಡಿದಿದ್ದ ಕೈಗಳು ಸಡಿಲವಾದವು. ಡ್ರಮ್ಮರ್ ನನ್ನ ಮುಖ ನೋಡಿದ, ವೈರನ್ನು ನೋಡಿದ, ಮತ್ತೆ ಮುಖ ನೋಡಿದ. “ಅವ್ನು ಜುಮ್ ಅಂತೈತೆ ಅಂದಿದ್ನಲ್ಲಲೇ,” ಎಂದ. ಅದು ಬೈಗುಳವಾಗಿರಲಿಲ್ಲ. ಅವನಿಗೂ ಆಗಷ್ಟೇ ನೆನಪಾಗಿತ್ತು.

ಯಾರಾದರೂ ನನ್ನ ಕೆನ್ನೆಗೆ ಬಾರಿಸುತ್ತಾರೆಂದು ಕಾದೆ. ಯಾರೂ ಬಾರಿಸಲಿಲ್ಲ. ಸೌಂಡ್ ಸಿಸ್ಟಮ್ಮಿನವರು ಹತ್ತಿರ ಬಂದು ಪ್ಲಗ್ಗನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. “ನಾನು ಕೇಳಿದ್ದೆನಲ್ಲಪ್ಪಾ,” ಎಂದರು, ಬಹಳ ಮೆಲ್ಲಗೆ. ಆಮೇಲೆ ಕೂತು ಮಿಕ್ಸರಿನ ಒಡೆದ ತಿರುಗುಗುಂಡಿಗಳನ್ನು ಹೆಕ್ಕತೊಡಗಿದರು. ನಾನೂ ಕೂತು ಹೆಕ್ಕಿದೆ. ಹೊಸ ಮಿಕ್ಸರ್ ಕೊಡಿಸುತ್ತೇನೆಂದೆ. ಆಮೇಲೆ ಕೊಡಿಸಿದೆ ಕೂಡ. ಅವರಿಗಾದ ಅವಮಾನದ ಸಾಲ ಮಾತ್ರ ನನ್ನ ಲೆಕ್ಕದಲ್ಲಿ ಇನ್ನೂ ಹಾಗೇ ಇದೆ.

ಆಸ್ಪತ್ರೆಯಲ್ಲಿ ಗಾಯಕನ ಎದೆಗೆ ತಂತಿ ಹಚ್ಚಿ ಪರೀಕ್ಷೆ ಮಾಡಿದ್ದರು. ಹೃದಯಕ್ಕೆ ಏನೂ ಆಗಿಲ್ಲ, ಒಂದು ದಿನ ಇಟ್ಟುಕೊಂಡು ನೋಡುತ್ತೇವೆ, ಕೈ ಮಾತ್ರ ಒಳಗೆ ಸುಟ್ಟಿದೆ ಎಂದರು ಡಾಕ್ಟರ್. ಅವನು ನಿದ್ದೆಯಲ್ಲಿದ್ದ. ಅವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ನಾನೂ ಕೂತು ನಡೆದದ್ದನ್ನೆಲ್ಲ ಹೇಳಿದೆ. ವೈರಿನ ವಿಷಯ ಅವರಿಗೆಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕೊನೆಗೆ ಅವರು ಕೇಳಿದ್ದು ವೈರಿನ ಬಗ್ಗೆ ಅಲ್ಲ.

“ಇವ್ನು ನಿಂಗೆ ಮೊದ್ಲೇ ಹೇಳಿದ್ನಾ?”

“ಹೇಳಿದ್ದ, ಅವ್ವಾ.”

“ನೀನೇನಂದೆ?”

“ಭ್ರಮೆ ಅಂದೆ.”

ಅವರು ಸೆರಗಿನಿಂದ ಮಗನ ಹಣೆ ಒರೆಸಿದರು. “ಅವ್ನು ಏನಂದ ಅದಕ್ಕೆ?”

“ಸರಿ ಬಿಡು ಅಂದ.”

“ಹ್ಞಾಂ. ಅಂತಾನೆ,” ಎಂದರು. “ಹೆಚ್ಚು ಓದಿದೋರು ಹೇಳಿದ್ರೆ ಹಂಗೇ ಅಂತಾನೆ.”

ಮರುದಿನ ಗೋದಾಮಿನಲ್ಲಿ ಮಿಲ್ಲಿನ ಎಲೆಕ್ಟ್ರಿಷಿಯನ್ ಆಂಪನ್ನು ಬಿಚ್ಚಿದರು. ‘ನಾನು ಹೇಳಿರಲಿಲ್ಲವೇ’ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಒಳಗೆ ಒಂದು ಹಳೆಯ ಕೆಪ್ಯಾಸಿಟರ್, ಕರೆಂಟು ಹರಿಯುವ ವೈರಿಗೂ ಹೊರಗಿನ ತಗಡಿಗೂ ನಡುವೆ, ಉಬ್ಬಿ ಸೀಳಿತ್ತು. ಅದು ತಿಂಗಳುಗಳಿಂದ ಸೋರುತ್ತಿತ್ತು, ದಾರಿಯ ಕುಲುಕಾಟಕ್ಕೆ ಪೂರ್ತಿ ಹೋಗಿತ್ತು. ಸೋರಿದ ಕರೆಂಟು ಹಸಿರು ವೈರಿನಲ್ಲಿ ನೆಲಕ್ಕಿಳಿಯುವಾಗ ಆಗುತ್ತಿದ್ದದ್ದೇ ಆ ಗುಂಯ್. ವೈರು ಕಳಚಿದ ಮೇಲೆ ಅದು ನನ್ನ ರೆಕಾರ್ಡಿಂಗ್ ಕೇಬಲಿನ ಹೊರಕವಚ ಹಿಡಿದು ಮಿಕ್ಸರಿಗೆ, ಅಲ್ಲಿಂದ ನೆಲಕ್ಕೆ ಇಳಿಯುತ್ತಿತ್ತು. ಗಿಟಾರಿನ ತಂತಿಗಳೂ ಅದರ ವೈರಿನ ಮೂಲಕ ಆಂಪಿನ ತಗಡಿಗೇ ಸೇರಿರುತ್ತವೆ. ರೆಕಾರ್ಡಿಂಗ್ ಕೇಬಲ್ ಇದ್ದಾಗ ಗಿಟಾರ್ ಮುಟ್ಟಿದರೆ ಏನೂ ಇಲ್ಲ. ಕೇಬಲ್ ಇಲ್ಲದಾಗ, ಬೂಟು ಹಾಕಿದವನಿಗೆ ಏನೂ ಇಲ್ಲ. ಬರಿಗಾಲಲ್ಲಿ ನಿಂತು ಮೈಕು ಹಿಡಿದವನಿಗೆ ಎಲ್ಲ.

ಟೆಸ್ಟರ್ ಹಿಡಿದು ಅವರು ಇದನ್ನು ತೋರಿಸುತ್ತಿದ್ದಾಗ ಗಾಯಕ ‘ಜುಮ್’ ಅಂದ ದಿನ ನೆನಪಾಯಿತು. ವೇದಿಕೆಯ ಮೇಲೂ ಅಷ್ಟು ಗಾಬರಿಯಾಗಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದೆ. ಹತ್ತು ಸಲ, ದಾಖಲೆ ಸಮೇತ. ಪರೀಕ್ಷೆಗೆಂದು ನಾನೇ ಕೈಯಾರೆ ಆ ಕೇಬಲನ್ನು ಸಿಕ್ಕಿಸಿದ್ದೆ, ಅವನು ಹೇಳಿದ್ದನ್ನು ಸುಳ್ಳು ಮಾಡುವ ಒಂದೇ ವಸ್ತುವನ್ನು. ಸಾಕ್ಷಿಯಿಲ್ಲದೆ ಏನನ್ನೂ ನಂಬದ ನನಗೆ ಅವತ್ತು ಎದುರು ನಿಂತು ಸಾಕ್ಷಿ ಹೇಳಿದವನೊಬ್ಬನಿದ್ದ. ಅವನ ಮಾತನ್ನು ನಾನು ಸಾಕ್ಷಿಯೆಂದು ಎಣಿಸಿರಲಿಲ್ಲ, ಅಷ್ಟೇ.

ಕೆಪ್ಯಾಸಿಟರ್ ಬದಲಾಯಿತು. ಹಸಿರು ವೈರು ತನ್ನ ಜಾಗಕ್ಕೆ ಬಂತು. ಗುಂಯ್ ಬಹುಪಾಲು ಹೋಯಿತು. ಉಳಿದದ್ದನ್ನು ಗೇಟ್ ನೋಡಿಕೊಂಡಿತು. ಆ ಟೋನ್ ಹಾಗೆಯೇ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಪೆಟ್ಟಿಗೆಯನ್ನು ಮೊದಲ ದಿನವೇ ಬಿಚ್ಚಿ ನೋಡಿದ್ದರೂ ಇದೇ ಸಿಗುತ್ತಿತ್ತು.

ಮೂರು ವಾರದ ಮೇಲೆ ಮೊಳಕಾಲ್ಮೂರಿಗೆ ಹೋದೆ. ಆ ಹೊತ್ತಿಗೆ ಪಟ್ಟಿ ಬಿಚ್ಚಿದ್ದರು. ಗಾಯಕ ಪಡಸಾಲೆಯಲ್ಲಿ ಕೂತಿದ್ದ. ಗುಂಡಿಯಲ್ಲಿ ಮಗ್ಗ, ಅದರ ಮೇಲೆ ಅರ್ಧ ನೇಯ್ದ ಕೆಂಪು ಸೀರೆ, ಧೂಳು ಕೂರದಂತೆ ಹಳೆಯ ಪಂಚೆ ಹೊದಿಸಿದ್ದರು. ಅವನ ಬೆರಳುಗಳ ಮೇಲೆ ಹೊಸ ಚರ್ಮ ಬಂದಿತ್ತು, ಗಂಟುಗಂಟಾಗಿ.

“ಬಾರಲೇ, ಲಾಯರ್,” ಎಂದ. ಅವನು ಹಾಗೆ ಕರೆದದ್ದಕ್ಕೆ ನನಗೆ ಅಳು ಬಂತು. ತೋರಿಸಿಕೊಳ್ಳಲಿಲ್ಲ.

“ನೋವೈತಾ?”

“ನೋವಿಲ್ಲ. ಕೂಗಾಕೆ ಬರ್ತೈತೆ, ಊಟ ಮಾಡಾಕೆ ಬರ್ತೈತೆ. ಇದೊಂದು ನೋಡ್ಬೇಕು.”

ಅವ್ವ ಒಳಗಿನಿಂದ ಒಂದು ಎಳೆ ರೇಷ್ಮೆ ತಂದರು. ಮಗನ ಎಡಗೈಯನ್ನು ಬೆಳಕಿಗೆ ತಿರುಗಿಸಿ, ಆ ಎಳೆಯನ್ನು ಬೆರಳುಗಳ ಮೇಲೆ ಅಡ್ಡಕ್ಕೆ ಹಾಯಿಸಿ ನಿಧಾನವಾಗಿ ಎಳೆದರು. ನೇಯುವವನ ಬೆರಳು ನಯವಾಗಿರಬೇಕು. ಎಲ್ಲಾದರೂ ಚರ್ಮ ಒರಟಾಗಿದ್ದರೆ ಮಗ್ಗದ ಉದ್ದಕ್ಕೆ ಹಾಸಿದ ಎಳೆ ಸಿಕ್ಕಿ ತುಂಡಾಗುತ್ತದೆ, ಸೀರೆ ಹಾಳು. ನನಗದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಮ್ಮ ಮೂವರಲ್ಲಿ ಕೈಯ ಬಗ್ಗೆ ಅತಿ ಹೆಚ್ಚು ಎಚ್ಚರ ವಹಿಸಬೇಕಾದವನು ಗಿಟಾರ್ ವಾದಕನೆಂದೇ ತಿಳಿದಿದ್ದೆ.

“ಹಿಡೀತಾ?” ಎಂದ ಅವನು.

“ಹಿಡೀತೈತೆ,” ಎಂದರು ಅವ್ವ.

ಅವರು ಎಳೆಯ ತುದಿಯನ್ನು ನನ್ನತ್ತ ಚಾಚಿದರು. “ತಗೋ, ನೀನೇ ಒಂದು ಸಲ ಎಳೆದು ನೋಡಪ್ಪಾ. ನಾವು ಹೇಳಿದ್ರೆ ನೀನು ನಂಬೋನಲ್ಲ.”

ಅವರ ದನಿಯಲ್ಲಿ ಕೊಂಕಿರಲಿಲ್ಲ. ನನ್ನಂಥವರೊಡನೆ ಹೀಗೆ ಮಾಡಬೇಕಾಗುತ್ತದೆಂದು ಅವರು ನಿಜವಾಗಿಯೇ ತಿಳಿದಿದ್ದರು.

ನನ್ನ ಕೈ ಮುಂದೆ ಹೋಗಲಿಲ್ಲ. “ಬೇಡ ಅವ್ವಾ. ಹಿಡೀತೈತೆ ಅಂದ್ರಲ್ಲ.”

ಅವರು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಎದ್ದರು.

“ಇನ್ನೊಂದು ಹದಿನೈದು ದಿನ ಹಿಂಗೇ ಇರ್ಲಿ ಮಗ್ಗ,” ಎಂದು, ಜಾರಿದ್ದ ಪಂಚೆಯನ್ನು ಸೀರೆಯ ಮೇಲೆ ಪೂರ್ತಿ ಎಳೆದು ಮುಚ್ಚಿದರು.